ನೋಡೋರು, ದಾಟೋರು

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಾವು ಒಂದು ಸಂತೋಷ ಅನುಭವಿಸ್ತೀವಿ, ಅದರಲ್ಲಿ ಪಾಪ ಏನೂ ಇಲ್ಲ. ಆದರೆ ಅದಕ್ಕೆ ಬೆಲೆ ತೆತ್ತವರು ಬೇರೆಯವರು ಅಂತ ಆಮೇಲೆ ಗೊತ್ತಾಗುತ್ತೆ. ಆಗ ಏನು ಮಾಡಬೇಕು?

ನಮ್ಮೂರು ಸೊರಬದ ಕುಪ್ಪಗಡ್ಡೆ ಅಂತ ನಿಮಗೆ ಗೊತ್ತು. 2023ರಲ್ಲಿ, ನಮ್ಮ ಮದುವೆಯ ಎಂಟನೇ ವರ್ಷಕ್ಕೆ, ಮಗುವನ್ನ ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಎರಡು ದಿನ ಹೊರಟ್ವಿ. ಕ್ರೂಸ್ ಹೋಗೋಣ ಅಂತ ನನ್ನ ಹೆಂಡತಿಗೆ ಆಸೆ. ಪಾಸ್ಟರ್ ಜೇಬಿಗೆ ಎಟುಕುವ ಕ್ರೂಸ್ ಅಂದ್ರೆ ಸಾಗರದ ಹತ್ತಿರ ಅಂಬಾರಗೋಡ್ಲು ಲಾಂಚು! ಬೈಕ್ ಸಮೇತ ಹತ್ತಿದ್ವಿ. ಬಸ್ಸು, ಕಾರು, ಜನ ಎಲ್ಲ ಒಂದೇ ಹಲಗೆ ಮೇಲೆ. ಸುತ್ತ ಶರಾವತಿ ಹಿನ್ನೀರು, ಗಾಳಿ, ದೂರದಲ್ಲಿ ಹಸಿರು ಗುಡ್ಡಗಳು. ನಾನು ಕೈಯೆತ್ತಿ ಕರ್ತನಿಗೆ ಸ್ತೋತ್ರ ಅಂದೆ. ನಿಜವಾಗ್ಲೂ ಮನಸ್ಸು ತುಂಬಿತ್ತು.

ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ರು, ಸಾಗರದ ಆಸ್ಪತ್ರೆಯಿಂದ ವಾಪಸ್ ಬರ್ತಿದ್ದವರು. "ತಮ್ಮಾ, ನೀವು ನೋಡಕ್ಕೆ ಬಂದಿದ್ದಾ?" ಅಂದ್ರು. ಹೌದಜ್ಜಿ ಅಂದೆ. "ನಾವು ದಾಟಕ್ಕೆ" ಅಂದ್ರು. ಕೋಪ ಇರಲಿಲ್ಲ, ಸುಮ್ನೆ ಹೇಳಿದ್ರು. ಆಮೇಲೆ ನೀರಿನ ಕಡೆ ಕೈ ತೋರಿಸಿ, "ನಮ್ಮಪ್ಪನ ಮನೆ ಅಲ್ಲೆಲ್ಲೋ ಕೆಳಗೈತಿ" ಅಂದ್ರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೂರಾರು ಹಳ್ಳಿಗಳ ಗದ್ದೆ, ತೋಟ, ಮನೆ ಮುಳುಗಿದವು. ಕೆಲವರನ್ನ ಜಿಲ್ಲೆಯ ಬೇರೆ ಕಡೆ ಕಾಡಂಚಿಗೆ ಸಾಗಿಸಿದ್ರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದ್ದಾರೆ. ಇನ್ನು ತುಮರಿ, ಕರೂರು ಕಡೆಯವರು ನೀರಿನ ಆಚೆ ದ್ವೀಪದಂತೆ ಉಳಿದ್ರು. ನಮಗೆ ವಿಹಾರ ಆಗಿದ್ದ ಲಾಂಚು ಅವರಿಗೆ ರಸ್ತೆ ಆಗಿತ್ತು. ಸಂಜೆ ಕೊನೇ ಲಾಂಚು ಹೋದರೆ ಹೆರಿಗೆ ನೋವಾಗಲಿ, ಹಾವು ಕಚ್ಚಲಿ, ಕಾಡುದಾರಿ ಸುತ್ತಿಕೊಂಡೇ ಹೋಗಬೇಕಿತ್ತು. ಆ ನೀರಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ತಯಾರಾಗುತ್ತೆ. ನಮ್ಮ ಕೀಬೋರ್ಡು, ಸ್ಟೇಜ್ ಲೈಟು, ನೀವು ಈಗ ಚಾರ್ಜಿಗೆ ಹಾಕಿರೋ ಫೋನು, ಎಲ್ಲದರಲ್ಲೂ ಆ ನದಿಯ ಪಾಲಿದೆ.

2 ಸಮುವೇಲ 23ನೇ ಅಧ್ಯಾಯ, 15ರಿಂದ 17 ನೋಡಿ. ದಾವೀದ ಗವಿಯಲ್ಲಿದ್ದಾನೆ, ಬೇತ್ಲೆಹೇಮ್ ಫಿಲಿಷ್ಟಿಯರ ಕೈಲಿದೆ. ಊರ ಬಾವಿ ನೀರು ಕುಡೀಬೇಕು ಅಂತ ಅವನಿಗೆ ಆಸೆ. ಮೂವರು ವೀರರು ಶತ್ರುಗಳ ಪಾಳೆಯದೊಳಗೆ ನುಗ್ಗಿ ತಂದುಕೊಡ್ತಾರೆ. ಅವನು ಕುಡಿಯಲ್ಲ. ಇದು ನೀರಲ್ಲ, ಜೀವ ಪಣಕ್ಕಿಟ್ಟವರ ರಕ್ತ ಅಂತ ಕರ್ತನ ಮುಂದೆ ಸುರಿದುಬಿಡ್ತಾನೆ.

ಬೈಬಲ್ ಕಾಲೇಜಲ್ಲಿ ಇದನ್ನ ಓದಿದಾಗ ನನಗೆ ದಾವೀದನ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು. ಪಾಪ, ಅಷ್ಟು ಕಷ್ಟಪಟ್ಟು ತಂದೋರಿಗೆ ಹೇಗನ್ನಿಸಿರಬೇಕು? ಲಾಂಚಲ್ಲಿ ಕೂತಾಗ ಬೇರೆ ಥರ ಕಂಡಿತು. ದಾವೀದನಿಗೆ ಕುಡಿಯೋ ಮುಂಚೆಯೇ ಬೆಲೆ ಗೊತ್ತಿತ್ತು, ಅದಕ್ಕೇ ಸುರಿಯೋಕೆ ಆಯ್ತು. ನಾವು ಕುಡಿದಾಗಿದೆ. ಕರೆಂಟು ಉರಿದಾಗಿದೆ, ಲಾಂಚ್ ಹತ್ತಿ ಆಗಿದೆ. ಈಗ ಮನೆಗೆ ಬಂದು ಒಂದು ಬಲ್ಬ್ ಆರಿಸಿದ್ರೆ ಅಜ್ಜಿಗೆ ಮನೆ ವಾಪಸ್ ಸಿಗಲ್ಲ. ಹಾಗಂತ ವಿಹಾರವೇ ತಪ್ಪು ಅಂತ ಮುಖ ಊದಿಸಿಕೊಂಡು ಕೂತ್ರೂ ಅವರಿಗೇನೂ ಲಾಭ ಇಲ್ಲ.

ನನ್ನನ್ನ ಚುಚ್ಚಿದ್ದು ನನ್ನ ಸ್ತೋತ್ರ. ಸೃಷ್ಟಿ ಎಷ್ಟು ಚೆನ್ನಾಗಿದೆ ಅಂತ ದೇವರಿಗೆ ವಂದನೆ ಹೇಳಿ ಲೆಕ್ಕ ಮುಗಿಸಿದ್ದೆ. ಆ ಹಿನ್ನೀರು ಸೃಷ್ಟಿಯ ಆರು ದಿನದಲ್ಲಿ ಆದದ್ದಲ್ಲ, ಸಹೋದರರೇ! ಮನುಷ್ಯರಿಗೆ ಇರೋ ಸಾಲವನ್ನ ದೇವರ ಖಾತೆಗೆ ಬರೆದು ಕೈ ತೊಳ್ಕೊಳ್ಳೋದು ನಮ್ಮಂಥ ಪ್ರಾರ್ಥನೆ ಮಾಡೋರಿಗೆ ಬಹಳ ಸುಲಭ.

ಮಾರನೇ ದಿನ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರಕ್ಕೆ ಹೋದ್ವಿ. ಅದೇ ಶರಾವತಿ, ಇಲ್ಲಿ ಸಮುದ್ರ ಸೇರುತ್ತೆ. ಸಣ್ಣ ದೋಣಿ, ಕಾಂಡ್ಲಾ ಗಿಡಗಳ ನಡುವೆ ದಾರಿ, ಆಮೇಲೆ ಅಳಿವೆ ಕಡೆ ಮೀನುಗಾರಿಕೆ ದೋಣಿಗಳ ಸಾಲು. ನಾನು ಸೆಲ್ಫಿ ತೆಗೀತಿದ್ದೆ. ನನ್ನ ಹೆಂಡತಿ ದೋಣಿಯಣ್ಣನನ್ನ ಒಂದೊಂದೇ ಕೇಳ್ತಾ ಹೋದಳು. ಮೀನು ಸಿಗ್ತದಾ, ಮಕ್ಕಳು ಏನು ಓದ್ತಾರೆ, ಕಾಸರಕೋಡು ಟೊಂಕದಲ್ಲಿ ಬಂದರು ಬೇಡ ಅಂತ ಮೀನುಗಾರರು ಯಾಕೆ ಹೋರಾಡ್ತಿದ್ದಾರೆ. ಒಂದು ಗಂಟೆಯ ವಿಹಾರದಲ್ಲಿ ಅವಳು ನೀರು ನೋಡಿದ್ದು ಕಡಿಮೆ. ಆದರೆ ಆ ದಿನದ ಬಗ್ಗೆ ನನಗಿಂತ ಅವಳಿಗೇ ಜಾಸ್ತಿ ನೆನಪಿದೆ. ಇಳಿಯುವಾಗ ಚೌಕಾಸಿ ಮಾಡಲಿಲ್ಲ. ಅದೇನು ದೊಡ್ಡ ನೀತಿ ಅಂತ ಹೇಳ್ತಿಲ್ಲ, ಅವಳು ಬಿಡಲಿಲ್ಲ ಅಷ್ಟೇ.

ಒಂದು ಅರಿಕೆ ಮಾಡಿ ಮುಗಿಸ್ತೀನಿ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿ.ಮೀ.ಗೂ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಇಷ್ಟೆಲ್ಲ ಯೋಚನೆ ಮಾಡಿದವನು ನಾನು. ಆದರೂ ವಿಡಿಯೊ ನೋಡಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಅಯ್ಯೋ, ಇನ್ನು ಲಾಂಚಲ್ಲಿ ಹೋಗೋ ಮಜಾ ಇಲ್ಲ."

ಅವಳು ಫೋನಿಂದ ಕಣ್ಣು ತೆಗೀದೆ ಹೇಳಿದಳು: "ರೀ, ಆ ಅಜ್ಜಿ ಈಗ ರಾತ್ರಿ ಹೊತ್ತೂ ಆಸ್ಪತ್ರೆಗೆ ಹೋಗಬಹುದು."