ಸಿಂಹಕೇಸರದ ಅಣಬೆ ಮತ್ತು ರಸತ್ಯಾಗ

ವ್ರತವೆಂದರೆ ಪದಾರ್ಥವನ್ನು ಬಿಡುವುದಷ್ಟೇ ಅಲ್ಲ, ಅದರ ಮೇಲಣ ರಾಗವನ್ನೂ ಬಿಡುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಪ್ರಾಣಿಯನ್ನು ಕೊಲ್ಲದೆಯೇ ಮಾಂಸದ ರುಚಿ ದೊರೆಯುವುದಾದರೆ, ಅದನ್ನು ಸವಿಯುವುದು ದೋಷವೇ? ಈ ಪ್ರಶ್ನೆಯನ್ನು ಅಣಬೆಯೊಂದು ಇಂದಿನ ಶ್ರಾವಕನ ಮುಂದೆ ತಂದು ನಿಲ್ಲಿಸಿದೆ.

ಇಂಗ್ಲಿಷಿನಲ್ಲಿ 'ಲಯನ್ಸ್ ಮೇನ್', ಅಂದರೆ ಸಿಂಹದ ಕೇಸರ, ಎಂದು ಹೆಸರಾದ ಈ ಅಣಬೆಯು ಯುರೋಪು, ಉತ್ತರ ಅಮೆರಿಕ, ಚೀನ, ಜಪಾನುಗಳ ಕಾಡುಗಳಲ್ಲಿ ಓಕ್, ಬೀಚ್ ಮೊದಲಾದ ಮರಗಳ ಗಾಯಗೊಂಡ ಅಥವಾ ಸತ್ತ ಕಾಂಡಗಳ ಮೇಲೆ ಹುಟ್ಟುತ್ತದೆ. ಇದಕ್ಕೆ ಕೊಡೆಯಿಲ್ಲ, ಬಿಳಿಯ ಉಂಡೆಯಿಂದ ಮೆತ್ತನೆಯ ಮುಳ್ಳುಗಳು ಜಡೆಯಂತೆ ಇಳಿಬಿದ್ದಿರುತ್ತವೆ. ಚೀನೀಯರು ಇದನ್ನು ಕೋತಿತಲೆಯ ಅಣಬೆ ಎನ್ನುತ್ತಾರೆ; ಜಪಾನೀಯರು ಬೆಟ್ಟಗಳಲ್ಲಿ ತಪಸ್ಸಾಚರಿಸುವ 'ಯಾಮಾಬುಷಿ' ಸಾಧಕರ ಹೆಸರಿನಿಂದ ಕರೆಯುತ್ತಾರೆ. ಬ್ರಿಟನ್ನಿನಲ್ಲಿ ಇದು ವಿರಳವಾದುದರಿಂದ ಕಾಡಿನಿಂದ ಕೀಳುವುದು ಕಾಯಿದೆಗೆ ವಿರುದ್ಧ. ಮಾರಾಟಕ್ಕೆಂದು ಇದನ್ನು ಮರದ ಹೊಟ್ಟಿನ ಮೇಲೆ ಬೆಳೆಸುತ್ತಾರೆ.

ಅಡುಗೆ ಬಲ್ಲವರು ಇದನ್ನು ದಪ್ಪ ಹೋಳುಗಳಾಗಿ ಕೊಯ್ದು, ಮೊದಲು ಎಣ್ಣೆಯಿಲ್ಲದ ಬಾಣಲೆಯಲ್ಲಿ ನೀರು ಬತ್ತಿಸಿ, ಬಳಿಕ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿಯುತ್ತಾರೆ. ಎಳೆಯೆಳೆಯಾಗಿ ಬಿಡುವ ಇದರ ತಿರುಳು ಏಡಿಯ ಮಾಂಸವನ್ನು ಹೋಲುತ್ತದೆಂಬುದೇ ಇದರ ಖ್ಯಾತಿ.

ಇಲ್ಲಿ ಕೆಲವರು ವಾದಿಸಬಹುದು: "ಇದು ಶುಚಿಯಾದ ಕೋಣೆಯಲ್ಲಿ ಬೆಳೆದದ್ದು, ಹುಳುವಿಲ್ಲ, ಕೊಳಕಿಲ್ಲ, ಅಭಕ್ಷ್ಯವೆನ್ನಲು ಕಾರಣವೇನು?" ಅಣಬೆಯನ್ನು ಅನಂತಕಾಯವೆಂದು ಹಿರಿಯರು ವರ್ಜಿಸಿದ್ದು ಕೊಳಕಿನ ಕಾರಣದಿಂದಷ್ಟೇ ಅಲ್ಲ. ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿವೆಯೆಂಬುದು ಅವರ ದೃಷ್ಟಿ. ಬೆಳೆಯುವ ತಾಣ ಬದಲಾದ ಮಾತ್ರಕ್ಕೆ ಶರೀರದ ಸ್ವಭಾವ ಬದಲಾಗದು.

ಹಾಗೆಂದು ಏಡಿಯನ್ನು ಬಿಟ್ಟು ಅಣಬೆಗೆ ಬಂದವನನ್ನು ಹಳಿಯುವುದು ಧರ್ಮವಲ್ಲ. ಅವನು ತ್ರಸಜೀವಿಯ ವಧೆಯಿಂದ ಹಿಂದೆ ಸರಿದಿದ್ದಾನೆ. ಒಂದು ಮೆಟ್ಟಿಲು ಮೇಲೇರಿದ್ದಾನೆ. ಆದರೆ ಏಡಿಯನ್ನು ಎಂದೂ ಮುಟ್ಟದ ವ್ರತಿಯು ಅದರ ರುಚಿಯನ್ನು ಅರಿಯಲೆಂದೇ ಈ ಅಣಬೆಯನ್ನು ಬೇಯಿಸಿದರೆ, ಅವನು ಅದೇ ಮೆಟ್ಟಿಲಿನ ಮೇಲೆ ಕೆಳಮುಖವಾಗಿ ನಿಂತಂತೆ. ಮೆಟ್ಟಿಲು ಒಂದೇ, ಮುಖ ಬೇರೆ.

1209ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'ಯಲ್ಲಿ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ನಿಜವಾದ ಕೋಳಿಯ ರಕ್ತ ಹರಿಯಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗನಿಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಬೇಕಾಯಿತು. ಅಣಬೆಯನ್ನು ತಿನ್ನುವವನಲ್ಲಿ ಕೊಲ್ಲುವ ಸಂಕಲ್ಪವಿಲ್ಲವೆಂಬುದು ನಿಜ. ಆ ಕಥೆಯ ದಂಡವನ್ನು ಅವನ ಮೇಲೆ ಹೊರಿಸಲಾಗದು. ಆದರೆ ಆಕೃತಿ ಹುಸಿಯಾದರೂ ಭಾವ ಹುಸಿಯಲ್ಲವೆಂಬ ಅದರ ತಿರುಳು ನಾಲಗೆಗೂ ಸಲ್ಲುತ್ತದೆ.

ಬಾಹ್ಯ ತಪಸ್ಸುಗಳಲ್ಲಿ ಅನಶನದೊಡನೆ ರಸಪರಿತ್ಯಾಗವನ್ನೂ ಎಣಿಸಿರುವುದು ಇದಕ್ಕಾಗಿಯೇ. ಉಪವಾಸದ ದಿನ ಹೊಟ್ಟೆ ಬರಿದಾಗಿದ್ದು, ಮನಸ್ಸು ಮರುದಿನದ ಪಾರಣೆಯ ರುಚಿಯನ್ನೇ ಮೆಲುಕುಹಾಕುತ್ತಿದ್ದರೆ ತ್ಯಾಗವು ಅಪೂರ್ಣ. ಆದುದರಿಂದ ಹೊಸ ಪದಾರ್ಥವೊಂದು ಎದುರಾದಾಗ "ಇದನ್ನು ತಿನ್ನಬಹುದೇ?" ಎಂದು ಶಾಸ್ತ್ರವನ್ನು ಕೇಳುವುದರ ಜೊತೆಗೆ, "ಇದು ಏಕೆ ಬೇಕು?" ಎಂದು ತನ್ನನ್ನೇ ಕೇಳಿಕೊಳ್ಳುವುದು ಶ್ರಾವಕನಿಗೆ ಶ್ರೇಯಸ್ಕರ.