ರುಜುವಿನ ಹೊಣೆ

ಆಡಿದ ಮಾತು ಗಾಳಿಯಲ್ಲಿ ಕರಗಬಹುದು. ಹಾಕಿದ ರುಜು ಕಾಗದದ ಮೇಲೆ ಉಳಿಯುತ್ತದೆ. ಸಾಲಕ್ಕೆ ಜಾಮೀನಾಗಿ ರುಜು ಹಾಕಿದವನು, ಸಾಲಗಾರನು ತಪ್ಪಿ ನಡೆದಾಗ, 'ನಾನು ಪತ್ರವನ್ನು ಓದಿರಲಿಲ್ಲ' ಎಂದು ಹೇಳಿ ಪಾರಾಗಲಾರನು. 'ರುಜು' ಎಂಬ ಮಾತು ಕಿವಿಗೆ ಬಿದ್ದೊಡನೆ ನೇರವಾದುದು, ಪ್ರಾಮಾಣಿಕವಾದುದು ಎಂಬರ್ಥದ 'ಋಜು' ಶಬ್ದವೂ ನೆನಪಿಗೆ ಬರುತ್ತದೆ. ಎರಡರ ಮೂಲ ಏನೇ ಇರಲಿ, ರುಜು ಹಾಕುವ ಮನಸ್ಸು ಋಜುವಾಗಿರಬೇಕೆಂಬುದು ಲೋಕಸಮ್ಮತ. ಹೀಗಿರುವಾಗ, ಒಂದು ನಾಡಿನ ಶಾಸನವನ್ನೇ ಬದಲಿಸಬಲ್ಲ ಕಾಗದಕ್ಕೆ ಹಾದಿಹೋಕನೊಬ್ಬನು ಹಾಕುವ ರುಜುವಿನ ಹೊಣೆ ಎಷ್ಟು? ಅಮೆರಿಕದ ಹಲವು ರಾಜ್ಯಗಳಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ, ಬೀದಿಯಲ್ಲಿ ಎದುರಾಗುವ ಪ್ರಶ್ನೆ.

ಅಲ್ಲಿ ಶಾಸನ ರಚನೆಯ ಅಧಿಕಾರ ವಿಧಾನಮಂಡಲಕ್ಕೆ ಮಾತ್ರ ಮೀಸಲಾಗಿಲ್ಲ. ಪ್ರಜೆಗಳೇ ಒಂದು ಶಾಸನದ ಕರಡನ್ನು ಬರೆದು, ನಿಯತ ಸಂಖ್ಯೆಯ ಮತದಾರರ ಸಹಿಗಳನ್ನು ಸಂಗ್ರಹಿಸಿದರೆ, ಅದನ್ನು ಚುನಾವಣೆಯಲ್ಲಿ ಸಮಸ್ತ ಜನತೆಯ ಮತಕ್ಕೆ ಇಡಲೇಬೇಕು. ಇಂಥ ಪದ್ಧತಿಯನ್ನು 1898ರಲ್ಲಿ ಮೊದಲು ಸ್ವೀಕರಿಸಿದ ರಾಜ್ಯ ದಕ್ಷಿಣ ಡಕೋಟ. 1911ರಲ್ಲಿ ಕ್ಯಾಲಿಫೋರ್ನಿಯ ಇದನ್ನು ತನ್ನದಾಗಿಸಿಕೊಂಡಿತು. ಆ ಕಾಲದಲ್ಲಿ ಸದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿಯು ಅಲ್ಲಿನ ರಾಜಕಾರಣವನ್ನು ತನ್ನ ಹಿಡಿತದಲ್ಲಿ ಇರಿಸಿಕೊಂಡಿತ್ತು. ಧನಬಲಕ್ಕೆ ಒಳಗಾದ ಪ್ರತಿನಿಧಿಗಳನ್ನು ಮೀರಿ ಜನರು ತಾವೇ ನ್ಯಾಯವನ್ನು ವಿಧಿಸಿಕೊಳ್ಳುವಂತಾಗಬೇಕೆಂಬುದು ಗವರ್ನರ್ ಹೈರಮ್ ಜಾನ್ಸನ್ನರ ಆಶಯವಾಗಿತ್ತು. ಉದ್ದೇಶ ಉದಾತ್ತವಾದುದೆಂಬುದು ನಿರ್ವಿವಾದ.

ಆ ರಾಜ್ಯದ ನಿಯಮದಂತೆ ಸಾಮಾನ್ಯ ಶಾಸನಕ್ಕೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇಕಡ 5ರಷ್ಟು, ಸಂವಿಧಾನದ ತಿದ್ದುಪಡಿಗೆ ಶೇಕಡ 8ರಷ್ಟು ಸಹಿಗಳು ಬೇಕು. 2022ರ ಚುನಾವಣೆಯ ಆಧಾರದ ಮೇಲೆ ಇವು ಕ್ರಮವಾಗಿ 5,46,651 ಮತ್ತು 8,74,641 ಆದವು. ಸಂಗ್ರಹಕ್ಕೆ ಇರುವ ಅವಧಿ 180 ದಿನಗಳು ಮಾತ್ರ. ಇಷ್ಟು ಅಲ್ಪ ಕಾಲದಲ್ಲಿ ಇಷ್ಟು ಸಹಿಗಳನ್ನು ಕೂಡಿಸುವುದು ಕೇವಲ ಸ್ವಯಂಸೇವಕರಿಂದ ಆಗುವುದು ಅಪರೂಪ. ಆದಕಾರಣ ಕೂಲಿಗೆ ಸಹಿ ಸಂಗ್ರಹಿಸುವ ವೃತ್ತಿಯೇ ಬೆಳೆದು ನಿಂತಿದೆ. ಕೊಲರಾಡೊ ರಾಜ್ಯವು ಇಂಥ ಕೂಲಿಯನ್ನು ನಿಷೇಧಿಸಿದ್ದಾಗ, 1988ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಆರೆಗಾನ್ ರಾಜ್ಯದ ಜನರು 2002ರಲ್ಲಿ ಸಹಿಗೆ ಇಷ್ಟೆಂದು ಹಣ ಕೊಡುವುದನ್ನು ಮಾತ್ರ ತಡೆದರು. ಧನಬಲವನ್ನು ತಡೆಯಲು ಕಟ್ಟಿದ ಬಾಗಿಲಿನಿಂದಲೇ ಧನಬಲವು ಒಳಗೆ ಬಂದಿತೆಂಬುದು ವಿಷಾದದ ಸಂಗತಿ.

ಅಂಗಡಿಗಳ ಮುಂದೆ ಹಲಗೆಗೆ ಸಿಕ್ಕಿಸಿದ ಕಾಗದಗಳೊಡನೆ ನಿಂತ ಸಂಗ್ರಾಹಕನು ದಾರಿಹೋಕನಿಗೆ ಹೇಳುವ ಮಾತೊಂದಿದೆ: "ನೀವು ಈ ಶಾಸನವನ್ನು ಒಪ್ಪಬೇಕೆಂದಿಲ್ಲ, ಪ್ರಶ್ನೆ ಜನರ ಮುಂದೆ ಬರಲಿ ಎಂದು ಸಹಿ ಹಾಕಿರಿ, ಸಾಕು." ನಮ್ಮ ನಾಡಿನಿಂದ ಹೋಗಿ ಅಲ್ಲಿಯ ಪೌರತ್ವವನ್ನು ಪಡೆದು ನೆಲಸಿರುವ ಕನ್ನಡಿಗರಿಗೂ ಈ ಮಾತು ಹೊಸದೇನಲ್ಲ. ಇದರಲ್ಲಿ ಒಂದು ಸತ್ಯಾಂಶವಿದೆ. ತನಗೆ ಒಪ್ಪಿಗೆಯಾಗದ ವಿಚಾರವನ್ನೂ ಇತರರು ಕೇಳುವಂತಾಗಲಿ ಎನ್ನುವುದು ಉದಾರ ಬುದ್ಧಿಯೇ. ನನ್ನ ಅಭಿಪ್ರಾಯಕ್ಕೆ ಹೊಂದದ ಪ್ರಶ್ನೆಯನ್ನು ಬಾಗಿಲಲ್ಲೇ ತಡೆಯುವೆನೆಂದರೆ ಅದು ನೆರೆಹೊರೆಯವರ ವಿವೇಕದಲ್ಲಿ ನಂಬಿಕೆಯಿಲ್ಲದವನ ಮಾತಾಗುತ್ತದೆ. ಆದರೂ ಇಷ್ಟರಿಂದಲೇ ರುಜು ಹಾಕಿದವನು ಹೊಣೆಯಿಂದ ಮುಕ್ತನಾಗುವನೆ?

ಮೊದಲನೆಯದಾಗಿ, ಸಹಿಯಾದ ಪ್ರಸ್ತಾವವೆಲ್ಲ ಜನರ ಮುಂದೆ ಬಂದೇ ಬರುವುದೆಂಬ ಭರವಸೆಯಿಲ್ಲ. ಕ್ಯಾಲಿಫೋರ್ನಿಯದಲ್ಲಿ 2014ರಲ್ಲಿ ಆದ ಶಾಸನದ ಪ್ರಕಾರ, ಪ್ರಸ್ತಾವವು ಚುನಾವಣೆಗೆ ಅರ್ಹವೆಂದು ಘೋಷಿತವಾಗುವ ಮುನ್ನ ಅದನ್ನು ಮಂಡಿಸಿದವರು ಹಿಂದಕ್ಕೆ ಪಡೆಯಬಹುದು. 2018ರಲ್ಲಿ ತಂಪು ಪಾನೀಯದ ಉದ್ಯಮಿಗಳು ಹಣವಿತ್ತ ಒಂದು ಪ್ರಸ್ತಾವಕ್ಕೆ ಸಾಕಷ್ಟು ಸಹಿಗಳು ದೊರೆತವು. ಸ್ಥಳೀಯ ಸಂಸ್ಥೆಗಳು ತೆರಿಗೆಯನ್ನು ಹೆಚ್ಚಿಸಲು ಮೂರನೆಯ ಎರಡರಷ್ಟು ಮತ ಬೇಕೆಂಬುದು ಅದರ ಸಾರ. ನಗರಗಳ ಆದಾಯಕ್ಕೆ ಕುತ್ತು ಬರುವುದೆಂದು ಅಂಜಿದ ವಿಧಾನಮಂಡಲವು, ಸಿಹಿ ಪಾನೀಯಗಳ ಮೇಲೆ ಹೊಸ ಸ್ಥಳೀಯ ತೆರಿಗೆಯನ್ನು 2030ರ ಕೊನೆಯವರೆಗೆ ನಿಷೇಧಿಸುವ ಶಾಸನವನ್ನು ಅವಸರದಲ್ಲಿ ಅಂಗೀಕರಿಸಿತು. ಕೂಡಲೇ ಪ್ರಸ್ತಾವ ಹಿಂದಕ್ಕೆ ಹೋಯಿತು. 'ಜನರೇ ತೀರ್ಮಾನಿಸಲಿ' ಎಂದು ಸಹಿ ಹಾಕಿದ ಲಕ್ಷಾಂತರ ಮಂದಿಯ ಹೆಸರುಗಳು ಚೌಕಾಸಿಯ ಸರಕಾದವು. ಜನರು ಏನನ್ನೂ ತೀರ್ಮಾನಿಸಲಿಲ್ಲ.

ಇದರಿಂದ ಈ ಮಾರ್ಗವೇ ಕೆಟ್ಟದ್ದೆಂದು ಹೇಳಲಾಗದು. ಅದೇ ದಿನ, ಅಂದರೆ 2018ರ ಜೂನ್ 28ರಂದು, ಅದೇ ವಿಧಾನಮಂಡಲವು ಪ್ರಜೆಗಳ ಖಾಸಗಿ ಮಾಹಿತಿಯನ್ನು ಕಾಪಾಡುವ ಶಾಸನವನ್ನೂ ಅಂಗೀಕರಿಸಿತು. ಆರು ಲಕ್ಷಕ್ಕೂ ಮಿಕ್ಕ ಸಹಿಗಳಿದ್ದ ಮತ್ತೊಂದು ಪ್ರಸ್ತಾವದ ಒತ್ತಡವೇ ಅದಕ್ಕೆ ಕಾರಣ. ಶಾಸನವಾದೊಡನೆ ಅದೂ ಹಿಂದಕ್ಕೆ ಹೋಯಿತು. ರುಜು ಎಂಬುದು ಒಂದು ಶಕ್ತಿ. ಅದನ್ನು ಯಾರ ಕೈಗೆ ಕೊಡುತ್ತೇವೆ ಎಂಬುದನ್ನು ಅರಿಯದೆ ಕೊಡುವುದು ಕುಡುಗೋಲನ್ನು ಕಣ್ಣುಮುಚ್ಚಿ ಕೈದಾಟಿಸಿದಂತೆ. ಅದು ಪೈರನ್ನೂ ಕೊಯ್ಯಬಹುದು, ಕೈಯನ್ನೂ ಕೊಯ್ಯಬಹುದು.

ಎರಡನೆಯದು ಇನ್ನೂ ಗಂಭೀರವಾದುದು. ಬಹುಮತಕ್ಕೆ ಇಡಬಾರದ ಪ್ರಶ್ನೆಗಳೂ ಲೋಕದಲ್ಲಿವೆ. 1963ರಲ್ಲಿ ಕ್ಯಾಲಿಫೋರ್ನಿಯದ ವಿಧಾನಮಂಡಲವು ಮನೆಗಳ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗಭೇದವನ್ನು ತಡೆಯುವ ಶಾಸನವನ್ನು ಮಾಡಿತು. ಅದನ್ನು ನಿರರ್ಥಕಗೊಳಿಸಲು ಸ್ಥಿರಾಸ್ತಿ ವ್ಯಾಪಾರಿಗಳ ಸಂಘವು ಸಹಿ ಸಂಗ್ರಹಕ್ಕೆ ಇಳಿಯಿತು. 1964ರ ಚುನಾವಣೆಯಲ್ಲಿ 14ನೆಯ ಸಂಖ್ಯೆಯ ಆ ಪ್ರಸ್ತಾವಕ್ಕೆ ಸುಮಾರು ಶೇಕಡ 65ರಷ್ಟು ಮತ ಬಂದಿತು. 1966ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠವೂ, 1967ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದವು. ನ್ಯಾಯಾಲಯ ತಪ್ಪನ್ನು ತಿದ್ದಿತು, ನಿಜ. ಆದರೆ 'ಈ ಕರಿಯನಿಗೆ ನಮ್ಮ ಬೀದಿಯಲ್ಲಿ ಮನೆ ಕೊಡದಿರಬಹುದೆ?' ಎಂಬ ಪ್ರಶ್ನೆಯನ್ನು ಇಡೀ ನಾಡಿನ ಮುಂದೆ ಇಟ್ಟು, ಮೂವರಲ್ಲಿ ಇಬ್ಬರಷ್ಟು ಜನ 'ಹೌದು' ಎಂದದ್ದನ್ನು ಕೇಳಿಸಿಕೊಂಡ ಆ ನೆರೆಯವನ ಮನಸ್ಸಿನ ಗಾಯವನ್ನು ಯಾವ ತೀರ್ಪು ಮಾಯಿಸೀತು? ಆ ಪ್ರಶ್ನೆಗೆ 'ಇಲ್ಲ' ಎಂದು ಮತವಿತ್ತವನೂ, ಅದು ಜನರ ಮುಂದೆ ಬರಲೆಂದು ಸಹಿ ಹಾಕಿದ್ದರೆ, ಆ ಗಾಯದಲ್ಲಿ ಪಾಲುಗಾರನೇ. ಉತ್ತರ ಹೇಳುವುದು ಹೇಗೆ ಕರ್ಮವೋ ಪ್ರಶ್ನೆ ಕೇಳುವುದೂ ಹಾಗೆಯೇ ಕರ್ಮ.

ಹಾಗಾದರೆ ಯಾವ ಕಾಗದಕ್ಕೂ ಸಹಿ ಹಾಕದೆ ಮನೆ ಸೇರುವುದು ಲೇಸೆ? ಅದೂ ಧರ್ಮವಲ್ಲ. ಫ್ಲಾರಿಡ ರಾಜ್ಯದಲ್ಲಿ ಗುರುತರ ಅಪರಾಧಕ್ಕೆ ಶಿಕ್ಷೆ ಅನುಭವಿಸಿ ಹೊರಬಂದವರಿಗೂ ಮತದಾನದ ಹಕ್ಕು ತಾನಾಗಿ ಮರಳುತ್ತಿರಲಿಲ್ಲ. ಗವರ್ನರ್ ಮತ್ತು ಅವರ ಮಂತ್ರಿಮಂಡಲವು ಕೃಪೆದೋರಿದರೆ ಮಾತ್ರ ಅದು ದೊರೆಯುತ್ತಿತ್ತು. ಇದನ್ನು ತಿದ್ದಲು ಪ್ರಜೆಗಳೇ ಮುಂದಾದರು. ಅಂಥ ಶಿಕ್ಷೆಯನ್ನು ಅನುಭವಿಸಿದ್ದ ಡೆಸ್ಮಂಡ್ ಮೀಡ್ ಅವರೇ ಚಳವಳಿಗೆ ನಾಯಕರಾದರು. ನೋಂದಾಯಿತ ಮತದಾರರ ಸಹಿ ಮಾತ್ರ ಸಿಂಧುವಾಗುವುದರಿಂದ, ಹಕ್ಕು ಕಳೆದುಕೊಂಡವರು ತಮ್ಮ ಹಕ್ಕಿಗಾಗಿ ತಾವೇ ರುಜು ಹಾಕುವಂತಿರಲಿಲ್ಲ. ಅವರ ಪರವಾಗಿ ಇತರರೇ ಕೈ ಎತ್ತಬೇಕಾಯಿತು. 2018ರ ನವೆಂಬರಿನಲ್ಲಿ ಶೇಕಡ 64ಕ್ಕೂ ಮಿಕ್ಕ ಮತಗಳಿಂದ ಆ ತಿದ್ದುಪಡಿ ಗೆದ್ದಿತು. ಕೊಲೆ ಮತ್ತು ಲೈಂಗಿಕ ಅಪರಾಧಗಳನ್ನು ಅದರಿಂದ ಹೊರಗಿಡಲಾಗಿತ್ತು. 2019ರಲ್ಲಿ ವಿಧಾನಮಂಡಲವು ದಂಡ ಮತ್ತು ಶುಲ್ಕಗಳ ಬಾಕಿಯನ್ನು ತೀರಿಸಬೇಕೆಂಬ ಕಟ್ಟಳೆಯನ್ನು ಸೇರಿಸಿ ಆ ಜಯವನ್ನು ಕುಗ್ಗಿಸಿತು. ಆದರೂ ತನಗೆ ಯಾವ ಲಾಭವೂ ಇಲ್ಲದ ಕಾಗದವನ್ನು ನಿಂತು ಓದಿ, ಧ್ವನಿಯಿಲ್ಲದವನಿಗಾಗಿ ಹೆಸರು ಬರೆದವನ ರುಜು ಸಾರ್ಥಕವಾದುದು.

ಈ ಎರಡು ನಿದರ್ಶನಗಳನ್ನು ಒಂದರ ಪಕ್ಕ ಒಂದನ್ನು ಇಟ್ಟು ನೋಡಿದರೆ ವಿವೇಕದ ದಾರಿ ಕಾಣುತ್ತದೆ. ಎರಡು ಕಡೆಯೂ ವಿಧಾನ ಒಂದೇ, ಬಹುಮತದ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಒಂದು ನೆರೆಯವನ ಬಾಗಿಲನ್ನು ಮುಚ್ಚಿತು, ಇನ್ನೊಂದು ತೆರೆಯಿತು. ಆದುದರಿಂದ 'ಜನರು ತೀರ್ಮಾನಿಸಲಿ' ಎನ್ನುವ ಮುನ್ನ, 'ಯಾರ ಬಾಳನ್ನು ಯಾರು ತೀರ್ಮಾನಿಸಲಿ?' ಎಂದು ಕೇಳಿಕೊಳ್ಳಬೇಕು. ತೆರಿಗೆ, ರಸ್ತೆ, ಶಾಲೆ ಮುಂತಾದವು ಎಲ್ಲರಿಗೂ ಸೇರಿದ ವಿಷಯಗಳು. ಅಲ್ಲಿ ಒಪ್ಪದ ಪ್ರಸ್ತಾವಕ್ಕೂ ಉದಾರವಾಗಿ ಸಹಿ ಹಾಕಬಹುದು. ಕೆಲವರ ಮಾನವನ್ನು ಉಳಿದವರ ಮತಕ್ಕೆ ಒಡ್ಡುವ ಕಾಗದದ ಮುಂದೆ ಮಾತ್ರ ಲೇಖನಿ ತಡೆಯಬೇಕು.

ಕ್ಯಾಲಿಫೋರ್ನಿಯದ ನಿಯಮವು ಮನವಿಪತ್ರದಲ್ಲಿ ಶಾಸನದ ಪೂರ್ಣ ಪಾಠವನ್ನು ಮುದ್ರಿಸಬೇಕೆನ್ನುತ್ತದೆ. ಸಂಗ್ರಾಹಕನು ಕೂಲಿಯವನೋ ಸ್ವಯಂಸೇವಕನೋ ಎಂದು ಕೇಳುವ ಹಕ್ಕು ನಿಮಗಿದೆ ಎಂಬ ಸೂಚನೆಯೂ ಅದರಲ್ಲಿರುತ್ತದೆ. ಓದಲು, ಕೇಳಲು ಕಾನೂನು ಅವಕಾಶವನ್ನಷ್ಟೇ ಕೊಡಬಲ್ಲದು. ಅದನ್ನು ಕರ್ತವ್ಯವೆಂದು ತಿಳಿಯುವುದು ಅಂತಃಸಾಕ್ಷಿಯ ಕೆಲಸ. ಕಾಗದ ಯಾವ ನಾಡಿನದೇ ಇರಲಿ, ಹೆಸರು ನಮ್ಮದು. ಓದಿ ಅರಿತು ಹಾಕಿದ ಒಂದು ರುಜು, ಓದದೆ ಹಾಕಿದ ಸಾವಿರ ರುಜುಗಳಿಗಿಂತ ಪ್ರಜಾಪ್ರಭುತ್ವಕ್ಕೆ ಹೆಚ್ಚಿನ ಬಲವನ್ನು ತರುತ್ತದೆ.