ಈಜಿದವರು, ತೇಲಿದವರು

ನಿಘಂಟನ್ನು ಅರ್ಥಕ್ಕಾಗಿ ತೆರೆದು, ಆಮೇಲೆ ಕಥೆಪುಸ್ತಕದಂತೆ ಓದುತ್ತ ಕೂರುವುದು ನನ್ನ ಹಳೆಯ ಚಾಳಿ. ಈಚೆಗೆ ಹಾಗೆ ನನ್ನನ್ನು ಹಿಡಿದು ಕೂರಿಸಿದ್ದು 'ಸ್ವಿಮ್' ಎಂಬ ಪುಟ್ಟ ಇಂಗ್ಲಿಷ್ ಕ್ರಿಯಾಪದ. ಸ್ವಿಮ್ ಎಂದರೆ ಈಜು. ಶಾಲೆಯ ಮಗುವಿಗೂ ಗೊತ್ತಿರುವ ಈ ಮಾತಿನಲ್ಲಿ ಹುಡುಕುವುದೇನಿದೆ ಎಂದು ನೀವು ಕೇಳಬಹುದು. ಆದರೆ ಹಳೆಯ ಮಾತುಗಳು ಹಳೆಯ ಮನೆಗಳ ಹಾಗೆ. ಜಗಲಿಯಲ್ಲಿ ಕುಳಿತು ಎದ್ದುಹೋದವನಿಗೆ ನಡುಮನೆ ಕಾಣುವುದಿಲ್ಲ.

ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ. ಕೈಕಾಲು ಬಡಿದು ಸಾಗಿದರೆ ಈಜು. ನೀರೇ ಹೊತ್ತುಕೊಂಡರೆ ತೇಲು. ಹುಡುಗ ಈಜುತ್ತಾನೆ, ತೆಂಗಿನಕಾಯಿ ತೇಲುತ್ತದೆ. ಇಂಗ್ಲಿಷಿನವರ ಪೂರ್ವಿಕರಿಗೆ ಈ ಭೇದ ಅಷ್ಟು ಮುಖ್ಯವಾಗಿರಲಿಲ್ಲ. 'ಸ್ವಿಮ್ಮನ್' ಎಂಬ ಅವರ ಹಳೆಯ ಮಾತು ಎರಡಕ್ಕೂ ಸಲ್ಲುತ್ತಿತ್ತು. ಅದರ ದಾಯಾದಿಯಾದ ಜರ್ಮನ್ ಭಾಷೆಯ 'ಶ್ವಿಮ್ಮೆನ್' ಇಂದಿಗೂ ಹಾಗೆಯೇ. ಅಲ್ಲಿ ಹುಡುಗ ಮಾಡುವುದೂ ಬೆಂಡು ಮಾಡುವುದೂ ಒಂದೇ ಕ್ರಿಯೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಇಂಗ್ಲಿಷಿನಲ್ಲಿ 'ಸ್ವಿಮ್ ಬ್ಲಾಡರ್' ಎನ್ನುತ್ತಾರೆ. ಅದು ಮೀನನ್ನು ಮುಂದಕ್ಕೆ ತಳ್ಳುವುದಿಲ್ಲ. ಮುಳುಗದಂತೆ ಎತ್ತಿ ಹಿಡಿದಿರುತ್ತದೆ, ಅಷ್ಟೆ.

ಈ ಕ್ರಿಯಾಪದಕ್ಕೆ ಒಂದು ಕ್ರೂರವಾದ ಅರ್ಥವೂ ಇತ್ತು. ಒಬ್ಬಳನ್ನು 'ಸ್ವಿಮ್ ಮಾಡಿಸುವುದು' ಎಂದರೆ, ಮಾಟಗಾತಿಯೆಂಬ ಶಂಕೆಯಿಂದ ಕೈಕಾಲು ಕಟ್ಟಿ ಕೆರೆಗೆ ಎಸೆಯುವುದು. ತೇಲಿದರೆ ಅಪರಾಧಿ, ಮುಳುಗಿದರೆ ನಿರಪರಾಧಿ! ಪವಿತ್ರವಾದ ನೀರು ಪಾಪಿಯನ್ನು ಒಳಗೆ ಸೇರಿಸದು ಎಂಬುದು ಅವರ ತರ್ಕ. ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ೧೫೯೭ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ಪರೀಕ್ಷೆಯನ್ನು ಸಮರ್ಥಿಸಿದ. ಮಾಟದ ಅಪರಾಧವನ್ನು ಕಾನೂನಿನಿಂದ ತೆಗೆದುಹಾಕಿದ ಎಷ್ಟೋ ವರ್ಷಗಳ ಮೇಲೆ, ೧೭೫೧ರಲ್ಲಿ, ಇಂಗ್ಲೆಂಡಿನ ಟ್ರಿಂಗ್ ಬಳಿ ರೂತ್ ಆಸ್ಬಾರ್ನ್ ಎಂಬ ಬಡ ಮುದುಕಿಯನ್ನು ಜನರ ಗುಂಪು ಹೀಗೆಯೇ ನೀರಿಗೆ ಹಾಕಿ ಕೊಂದಿತು. ಅದಕ್ಕಾಗಿ ಥಾಮಸ್ ಕಾಲಿ ಎಂಬವನನ್ನು ಗಲ್ಲಿಗೇರಿಸಿದರು.

ನೀರು ಮಾಡಿದ ಕೆಲಸಕ್ಕೆ ಮನುಷ್ಯನನ್ನು ಹೊಣೆಮಾಡಿದ್ದು ಅಲ್ಲಿಯ ಅನ್ಯಾಯ. ನಾವು ಆ ಮೂಢತನವನ್ನು ಕಂಡು ನಗುತ್ತೇವೆ. ಆದರೆ ಆ ನ್ಯಾಯವನ್ನೇ ತಲೆಕೆಳಗು ಮಾಡಿ ನಾವೂ ಬಳಸುತ್ತಿಲ್ಲವೆ? ತೇಲಿದವನು ಸಮರ್ಥ, ಮುಳುಗಿದವನು ಅಪರಾಧಿ ಎನ್ನುವುದು ನಮ್ಮ ಕಾಲದ ತೀರ್ಪು. 'ಸಿಂಕ್ ಆರ್ ಸ್ವಿಮ್' ಎಂಬ ಇಂಗ್ಲಿಷ್ ನುಡಿಗಟ್ಟನ್ನು ನಮ್ಮ ಕಚೇರಿಗಳಲ್ಲಿಯೂ ಕೇಳುತ್ತೇವೆ. ಈಜು, ಇಲ್ಲವೆ ಮುಳುಗು. ನಿನ್ನ ಪಾಡು ನಿನ್ನದು ಎಂದು ಅದರ ಧ್ವನಿ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಇಂಥ ಸಂದರ್ಭದಲ್ಲಿ ಮುಳುಗುವುದಕ್ಕೆ ಎದುರಾಗಿ ಇಟ್ಟದ್ದು ತೇಲುವುದನ್ನು. ತೋಳಿನ ಬಲವೊಂದೇ ಸಾಕೆಂಬ ಜಂಬ ಆ ಜೋಡಿಯಲ್ಲಿರಲಿಲ್ಲ.

ನನ್ನ ಜೊತೆಗೆ ಓದಿದವನೊಬ್ಬ ಲೆಕ್ಕದಲ್ಲಿ ತರಗತಿಗೇ ಮೊದಲಿಗ. ದೊಡ್ಡ ಪರೀಕ್ಷೆಗೆ ಮೂರು ತಿಂಗಳಿರುವಾಗ ಅವನ ತಂದೆ ತೀರಿಕೊಂಡರು. ಮನೆಗೆ ಹಿರಿಯ ಮಗ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ನಿಂತ. ನನಗಾದರೋ ಸೋದರಮಾವನ ಮನೆಯಲ್ಲಿ ಎರಡು ಹೊತ್ತಿನ ಊಟವಿತ್ತು, ಓದಲು ಮೂಲೆಯ ಕೋಣೆಯಿತ್ತು, ಅರ್ಜಿ ತಿದ್ದಿಕೊಡಲು ಹಿರಿಯರೊಬ್ಬರಿದ್ದರು. ಇಂದು ಬಂಧುಗಳು, "ನೀನು ಕಷ್ಟಪಟ್ಟು ಮೇಲೆ ಬಂದವನಪ್ಪ" ಎನ್ನುತ್ತಾರೆ. ಕಷ್ಟಪಟ್ಟದ್ದು ಸುಳ್ಳಲ್ಲ. ಆದರೆ ಕಷ್ಟ ಅವನೂ ಪಟ್ಟ; ನನಗಿಂತ ಹೆಚ್ಚಾಗಿಯೇ ಪಟ್ಟ. ನನ್ನ ಬದುಕಿನಲ್ಲಿ ಈಜೆಷ್ಟು, ತೇಲಾಟವೆಷ್ಟು ಎಂದು ಗೆರೆ ಎಳೆಯಲು ಹೊರಟರೆ ಗೆರೆ ನಿಲ್ಲುವುದಿಲ್ಲ.

ಹಾಗಾದರೆ ಪ್ರಯತ್ನಕ್ಕೆ ಬೆಲೆಯಿಲ್ಲವೆ? ಇದೆ. ಪುರಂದರದಾಸರು ಬಾಳನ್ನು ಈಸಿಗೆ ಹೋಲಿಸಿ ಹಾಡಿದ್ದು ಸುಮ್ಮನೆ ಅಲ್ಲ. ಕೈ ಆಡಿಸದವನನ್ನು ಹೊಳೆ ತನಗೆ ಬೇಕಾದ ಕಡೆಗೆ ಒಯ್ಯುತ್ತದೆ. ಆದರೆ ಈಜು ಕಲಿಸುವವರನ್ನು ಕೇಳಿ ನೋಡಿರಿ: ಮೊದಲ ಪಾಠ ಕೈ ಬಡಿಯುವುದಲ್ಲ, ನೀರನ್ನು ನಂಬಿ ಹಗುರಾಗಿ ಮಲಗುವುದು. ಎದೆತುಂಬ ಉಸಿರೆಳೆದುಕೊಂಡ ಮನುಷ್ಯನ ದೇಹ ಸಾಮಾನ್ಯವಾಗಿ ನೀರಿಗಿಂತ ತುಸು ಹಗುರ. ಎಷ್ಟು ದೊಡ್ಡ ಈಜುಗಾರನೇ ಆಗಲಿ, ಅವನ ತೋಳು ಕೆಲಸಮಾಡುವುದು ನೀರು ಅವನನ್ನು ಹೊತ್ತಿರುವುದರಿಂದ. ಎರಡಕ್ಕೂ ಒಂದೇ ಮಾತನ್ನಿಟ್ಟ ಹಳಬರು ಅಷ್ಟೇನೂ ದಡ್ಡರಲ್ಲವೆಂದು ನನಗೆ ತೋರುತ್ತದೆ.

ಇದೇ ಬೇರಿನಿಂದ ಹುಟ್ಟಿದ ಮತ್ತೊಂದು ಮಾತು 'ಸೌಂಡ್'. ಸದ್ದು ಎಂಬ ಅರ್ಥದ್ದಲ್ಲ, ಎರಡು ನೆಲಗಳ ನಡುವಿನ ಕಿರಿದಾದ ಕಡಲು ಎಂಬ ಅರ್ಥದ್ದು. ಅದರ ಹಳೆಯ ರೂಪಕ್ಕೆ ಈಜು ಎಂದೂ ಅರ್ಥ, ಜಲಸಂಧಿ ಎಂದೂ ಅರ್ಥ: ಮನುಷ್ಯ ಈಜಿ ದಾಟಬಹುದಾದಷ್ಟು ನೀರು. ಎಲ್ಲ ನೀರೂ ಅಷ್ಟೇ ಅಗಲವಾಗಿರುವುದಿಲ್ಲವಲ್ಲ. ತಂದೆಯಿಲ್ಲದ ಹುಡುಗನ ಮುಂದೆ ಇದ್ದದ್ದು ಬೇರೆ ಅಗಲದ ನೀರು. ಅಂಥ ಕಡೆ ಬೇಕಾದದ್ದು ಉಪದೇಶವಲ್ಲ, ಒಂದು ಹರಿಗೋಲು: ವಿದ್ಯಾರ್ಥಿವೇತನವೋ, ಒಂದು ಹೊತ್ತಿನ ಊಟವೋ, ಅರ್ಜಿ ತಿದ್ದಿಕೊಡುವ ಕೈಯೋ. ದಡ ಸೇರಿದವರು ತಮ್ಮ ತೋಳನ್ನು ಮೆಚ್ಚಿಕೊಳ್ಳಲಿ, ತಪ್ಪಿಲ್ಲ. ಇನ್ನೂ ನೀರಿನಲ್ಲಿರುವವರಿಗೆ "ಈಜು" ಎಂದು ಕೂಗುವ ಮೊದಲು, ಕಟ್ಟಿಹಾಕಿದ ಹರಿಗೋಲೊಂದು ಪಕ್ಕದಲ್ಲಿದೆಯೇ ಎಂದು ನೋಡಿದರೆ ಸಾಕು.